ಪುಣೆಯಲ್ಲಿ ಕಾರ್ಪೆಟ್ ಲಾನ್: ಮಗುಚಿ ನೋಡಿ ಕೊಳ್ಳಿ

ಪುಣೆ–ಸೋಲಾಪುರ ಹೆದ್ದಾರಿಯ ಉರುಳಿ ಕಾಂಚನ್ ಸುತ್ತಮುತ್ತ ನರ್ಸರಿಗಳು ಸಾಲುಗಟ್ಟಿವೆ. ಹೊಲದಲ್ಲಿ ಬೆಳೆಸಿ ಮಣ್ಣುಸಮೇತ ಕತ್ತರಿಸಿದ ಹುಲ್ಲಿನ ತುಂಡು, ಅಂದರೆ ಕಾರ್ಪೆಟ್ ಲಾನ್, ಅಲ್ಲಿ ಚದರಡಿ ಲೆಕ್ಕದಲ್ಲಿ ಸಿಗುತ್ತದೆ. ಸರಕು ಒಳ್ಳೆಯದೇ. ಬೇರು ನೆಟ್ಟು ಎರಡು-ಮೂರು ತಿಂಗಳು ಕಾಯುವ ಬದಲು ಒಂದೇ ದಿನದಲ್ಲಿ ಅಂಗಳ ಹಸಿರಾಗುತ್ತದೆ. ಆದರೆ ಹಣ ಕೊಡುವ ಮುನ್ನ ನಾಲ್ಕಾರು ತುಂಡು ಮಗುಚಿ ಬುಡ ನೋಡಲೇಬೇಕು.

ಬಿಳಿ ಬೇರು ಒತ್ತಾಗಿ ಹೆಣೆದಿರಬೇಕು. ಒಂದು ಅಂಚು ಹಿಡಿದು ಎತ್ತಿದರೆ ತುಂಡು ಹರಿಯಬಾರದು. ಹರಿದರೆ ಬೇರು ಕೂಡುವ ಮೊದಲೇ ಕತ್ತರಿಸಿದ್ದಾರೆ ಎಂದರ್ಥ. ಮಣ್ಣು ಒಂದು ಇಂಚಿಗಿಂತ ದಪ್ಪ ಬೇಡ: ಭಾರ ಹೆಚ್ಚು, ಬೇರು ಕೆಳಗಿಳಿಯುವುದು ನಿಧಾನ. ಕಪ್ಪು ಗಂಟುಗಳು, ಮೇಲೆ ಮೂರು ಮೂಲೆಯ ದಂಟು ಕಂಡರೆ ಅದು ಜೇಕು ಎಂಬ ಕಳೆ. ಆ ಲೋಡ್ ವಾಪಸ್ ಕಳಿಸಿ, ಒಮ್ಮೆ ಬಂದರೆ ವರ್ಷಗಟ್ಟಲೆ ಕೀಳಬೇಕಾಗುತ್ತದೆ. ವಿಜಯಪುರ, ಕಲಬುರಗಿ ಕಡೆಯ ಮಾಲಿಗಳಿಗೆ ಜೇಕು ಹೊಲದಿಂದಲೇ ಪರಿಚಿತ, ಅಂಥವರೊಬ್ಬರು ಇಳಿಸುವಾಗ ಪಕ್ಕದಲ್ಲಿದ್ದರೆ ಒಳ್ಳೆಯದು. ರಾಶಿಯ ನಡುವೆ ಕೈ ಹಾಕಿ ನೋಡಿ: ಬಿಸಿ ಇದ್ದರೆ ಒಳಗೆ ಬೇಯುತ್ತಿದೆ. ಬೆಳಗಿನ ಜಾವ ಕತ್ತರಿಸಿ ಅಂದೇ ಹಾಸುವುದೇ ಸರಿ.

ಮೆಕ್ಸಿಕನ್ ಹುಲ್ಲು ಮೆತ್ತಗೆ, ದಟ್ಟವಾಗಿ, ನಿಧಾನವಾಗಿ ಬೆಳೆಯುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮಕ್ಕಳು ಓಡಾಡುವ ಜಾಗಕ್ಕೆ ಗರಿಕೆ ಜಾತಿಯ ಬರ್ಮುಡಾ ವಾಸಿ, ತುಳಿದರೂ ಬೇಗ ಚೇತರಿಸಿಕೊಳ್ಳುತ್ತದೆ. ಮಾವಿನ ಮರದ ಗಾಢ ನೆರಳಿಗೆ ಇವೆರಡೂ ಬೇಡ.

ನಿಜವಾದ ಖರ್ಚಿರುವುದು ಕೆಳಗಿನ ನೆಲದಲ್ಲಿ, ಹಾಸುವವರ ದರದಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ, ಬೇರೆಯಾಗಿ ಬರೆಸಿಕೊಳ್ಳಿ. ಪುಣೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಕೆಂಪು ಮಣ್ಣು ಅಂಟಿದ ಹುಲ್ಲಿನ ತುಂಡನ್ನು ನೇರ ಅದರ ಮೇಲಿಟ್ಟರೆ ನೀರು ಎರಡು ಪದರಗಳ ನಡುವೆ ನಿಂತು ಬೇರು ಮೇಲೆಯೇ ಉಳಿಯುತ್ತದೆ. ಆರು ಇಂಚು ಅಗೆದು, ಕಟ್ಟಡದ ರಾಬಿಟ್ (ಒಡೆದ ಇಟ್ಟಿಗೆ, ಗಾರೆಯ ಚೂರು) ಹೆಕ್ಕಿ ತೆಗೆದು, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರದ ಮಿಶ್ರಣವನ್ನು 2 ಇಂಚು ಹರಡಿ ಕೆಳಗಿನ ಮಣ್ಣಿನೊಂದಿಗೆ ಬೆರೆಸಬೇಕು. 1000 ಚದರಡಿಗೆ ಸುಮಾರು 167 ಘನ ಅಡಿ, ಅಂದರೆ ಒಂದೂವರೆ ಬ್ರಾಸ್‌ಗಿಂತ ತುಸು ಹೆಚ್ಚು (ಒಂದು ಬ್ರಾಸ್ ಎಂದರೆ 100 ಘನ ಅಡಿ). ಮನೆಯಿಂದಾಚೆಗೆ ನೂರು ಅಡಿಗೆ ಒಂದೆರಡು ಅಡಿ ಇಳಿಜಾರು ಕೊಡಿ; ನೆಲ ಕಾಲುದಾರಿಗಿಂತ ಒಂದು ಇಂಚು ಕೆಳಗಿರಲಿ.

ಒದ್ದೆ ಮಾಡಿದ ನೆಲದ ಮೇಲೆ, ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಹಾಸಿ. ಅಂಚಿಗೆ ಚೂರುಪಾರು ಇಡಬಾರದು, ಮೊದಲು ಒಣಗುವುದೇ ಅಂಚು. ಶೇ. 5ರಷ್ಟು ಹೆಚ್ಚಿಗೆ ತರಿಸಿ. ರೋಲರ್ ಎಳೆದು ಕೂಡಲೇ ನೀರು ಕೊಡಿ. ಮೂಲೆ ಎತ್ತಿದರೆ ಅಡಿಯ ಮಣ್ಣೂ ನೆನೆದಿರಬೇಕು. 1000 ಚದರಡಿಗೆ 6 ಮಿ.ಮೀ. ನೀರು ಎಂದರೆ ಸುಮಾರು 560 ಲೀಟರ್, ಬೇಸಿಗೆಯಲ್ಲಿ ಮೊದಲ ವಾರ ದಿನಕ್ಕೆರಡು ಸಲ. ಟ್ಯಾಂಕರ್ ನೆಚ್ಚಿದ ವಸತಿ ಸೊಸೈಟಿಗಳು ಏಪ್ರಿಲ್-ಮೇನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಜೂನ್‌ನ ಮೊದಲ ಮಳೆ ಬಿದ್ದ ಮೇಲೆ ಸರಿಯಾದ ಕಾಲ. ಜಡಿಮಳೆ ಹಿಡಿದರೆ ಮಾತ್ರ ತಡೆಯಿರಿ, ಬುಡದ ಮಣ್ಣು ಕೊಚ್ಚಿಹೋಗುತ್ತದೆ.

ಎರಡು ವಾರದ ಮೇಲೆ ಮೆಲ್ಲಗೆ ಎಳೆದು ನೋಡಿ. ಏಳದಿದ್ದರೆ ಬೇರು ಹಿಡಿದಿದೆ. ನೀರು ಕಡಿಮೆ ಮಾಡಿ, ಎತ್ತರದ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ. ಮೊದಲ ತಿಂಗಳು ಯೂರಿಯಾ ಬೇಡ.

ಜಾಗ ತೀರಾ ದೊಡ್ಡದಿದ್ದರೆ ಇಳಿಜಾರಿಗೂ ಅಂಚಿಗೂ ಮಾತ್ರ ತುಂಡು ಹಾಸಿ, ಉಳಿದ ಕಡೆ ಅದೇ ಹುಲ್ಲನ್ನು ಬಿಡಿಸಿ 4 ಇಂಚಿಗೊಂದರಂತೆ ನೆಡಿಸಿ. ಹಣ ಎಷ್ಟೋ ಉಳಿಯುತ್ತದೆ.