ಅರವತ್ತೊಂದನೆಯ ದಿನ ಅಗೆದ ಪಾಯ

ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆಯ ಹಿತ್ತಲಿನಲ್ಲಿ ಇನ್ನೊಂದು ಚಿಕ್ಕ ಮನೆಯನ್ನು, ಇಲ್ಲಿ ಎಲ್ಲರ ಬಾಯಲ್ಲೂ ಎಡಿಯು ಎನಿಸಿಕೊಂಡಿರುವುದನ್ನು, ಕಟ್ಟಿಸುವ ಯೋಚನೆಯಲ್ಲಿರುವವರು ಗುತ್ತಿಗೆದಾರರ ಕೈಗೆ ಚೆಕ್ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನಮ್ಮ ಹಿತ್ತಲಿನಲ್ಲಿ ದುಡ್ಡು ಕೊಟ್ಟು ತೋಡಿಸಿದ ಪಾಯವನ್ನು ಮತ್ತೆ ದುಡ್ಡು ಕೊಟ್ಟು ಮುಚ್ಚಿಸಬೇಕಾಯಿತು. ಕಾನೂನು ಬಿಗಿಯಾಗಿತ್ತು ಎಂಬ ಕಾರಣಕ್ಕಲ್ಲ. ಅದು ಸಡಿಲವಾಗಿದೆ ಎಂಬ ಮಾತನ್ನು ಅರ್ಧ ಕೇಳಿಸಿಕೊಂಡು ಪೂರ್ತಿ ನಂಬಿದ ಕಾರಣಕ್ಕೆ.

ಸಡಿಲವಾಗಿರುವುದಂತೂ ನಿಜ. ಹಿತ್ತಲ ಮನೆಗಳಿಗೆ ನಗರಗಳು ಒಡ್ಡುತ್ತಿದ್ದ ಅಡ್ಡಿಗಳನ್ನು ರಾಜ್ಯದ ಶಾಸನಸಭೆ 2016ರಿಂದ ಈಚೆಗೆ ಒಂದೊಂದಾಗಿ ಕಿತ್ತುಹಾಕುತ್ತ ಬಂದಿದೆ. 2020ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಗಳ ಪ್ರಕಾರ, ವಾಸದ ಮನೆಯಿರುವ ನಿವೇಶನದಲ್ಲಿ ಪಕ್ಕಕ್ಕೂ ಹಿಂದಕ್ಕೂ ಗಡಿಯಿಂದ ನಾಲ್ಕು ಅಡಿ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಬಿಟ್ಟು 800 ಚದರಡಿಯ ಪ್ರತ್ಯೇಕ ಘಟಕವನ್ನು ಕಟ್ಟುವುದಕ್ಕೆ, ಎಲ್ಲಿ ಏನು ಕಟ್ಟಬಹುದೆಂದು ಹೇಳುವ ನಗರದ ಝೋನಿಂಗ್ ನಿಯಮಗಳು ಅಡ್ಡ ಬರುವಂತಿಲ್ಲ. ಸಾರ್ವಜನಿಕ ವಿಚಾರಣೆ ನಡೆಸುವಂತಿಲ್ಲ. ಅರ್ಜಿಯ ಬಗ್ಗೆ 60 ದಿನಗಳೊಳಗೆ ತೀರ್ಮಾನ ಹೇಳಬೇಕು. ಮಾಲೀಕರು ಅದೇ ನಿವೇಶನದಲ್ಲಿ ವಾಸವಿರಲೇಬೇಕೆಂಬ ಷರತ್ತನ್ನು ಇಂಥ ಘಟಕಗಳಿಗೆ ಹಾಕದಂತೆ 2024ರಿಂದ ಶಾಶ್ವತವಾಗಿಯೇ ತಡೆಯಲಾಗಿದೆ. ನಮ್ಮ ಗುತ್ತಿಗೆದಾರರು ಮೊದಲ ಭೇಟಿಯಲ್ಲೇ ಈ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸಿದರು: ನಾಲ್ಕು ಅಡಿ, ಎಂಟುನೂರು ಚದರಡಿ, ಅರವತ್ತು ದಿನ. ಮನೆಗೆ ಬಂದು ನಾನೇ ಹುಡುಕಿ ನೋಡಿದೆ. ಮೂರೂ ಸರಿಯಾಗಿದ್ದವು. ನಾವು ಮೋಸಹೋದದ್ದು ಅಲ್ಲಿಯೇ.

ಮೊದಲು ಅರವತ್ತು ದಿನದ ವಿಷಯ. ಪೂರ್ಣವಾದ ಅರ್ಜಿ ಬಂದು 60 ದಿನವಾದರೂ ನಗರ ಮಂಜೂರು ಮಾಡದೆ, ನಿರಾಕರಿಸದೆ ಸುಮ್ಮನಿದ್ದರೆ ಆ ಅರ್ಜಿ ಮಂಜೂರಾದಂತೆಯೇ ಎಂದು ಕಾನೂನು ಹೇಳುತ್ತದೆ. ಇದರಲ್ಲಿ ಎಲ್ಲ ಭಾರವನ್ನೂ ಹೊತ್ತಿರುವ ಪದ 'ಪೂರ್ಣವಾದ' ಎಂಬುದು. ನಮ್ಮ ಅರ್ಜಿಯಲ್ಲಿ ಕಟ್ಟಡದ ಇಂಧನ ಬಳಕೆಯ ನಿಯಮಗಳಾದ ಇಂಧನ ಸಂಹಿತೆಗೆ ಬೇಕಾದ ಲೆಕ್ಕಪತ್ರವೇ ಇರಲಿಲ್ಲ. ಹೊಸ ಮನೆಯ ಒಳಚರಂಡಿ ಕೊಳವೆ ಹಳೆಯದಕ್ಕೆ ಎಲ್ಲಿ ಸೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಿರಲಿಲ್ಲ. ನಗರದ ಪರಿಶೀಲಕರು ಆರನೆಯ ವಾರದಲ್ಲೇ ಅರ್ಜಿಯನ್ನು ನಿರಾಕರಿಸಿ, ಏನೇನು ಕೊರತೆಯಿದೆ, ಹೇಗೆ ಸರಿಪಡಿಸಬೇಕು ಎಂಬುದನ್ನೆಲ್ಲ ನಿಯಮದಂತೆ ಬರೆದು ಕಳುಹಿಸಿದ್ದರು. ಅದು ಹೋದದ್ದು ಅರ್ಜಿದಾರರೆಂದು ನಮೂದಾಗಿದ್ದ ಗುತ್ತಿಗೆದಾರರ ಇಮೇಲ್‌ಗೆ. ಅವರು ಅದನ್ನು ಓದಲೇ ಇಲ್ಲವೋ, ಓದಿಯೂ ನಮಗೆ ಹೇಳಲಿಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ. ಅರವತ್ತೊಂದನೆಯ ದಿನ ಬೆಳಿಗ್ಗೆ ಅಗೆಯುವ ಯಂತ್ರ ನಮ್ಮ ಗೇಟಿನ ಮುಂದೆ ನಿಂತಿತ್ತು. "ಗಡುವು ಮುಗಿದಿದೆ, ಇನ್ನು ಕಾಗದ ಬರುವುದು ಬರಿಯ ಔಪಚಾರಿಕತೆ" ಎಂದರು ಗುತ್ತಿಗೆದಾರರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತಿದ್ದ ನಾನು ಅಂದು ತಲೆಯಾಡಿಸಿದೆ.

ನಾಲ್ಕನೆಯ ದಿನ ನಗರದ ಇನ್‌ಸ್ಪೆಕ್ಟರ್ ಬಂದು ಕೆಲಸ ನಿಲ್ಲಿಸುವ ಆದೇಶವನ್ನು ಬೇಲಿಗೆ ಅಂಟಿಸಿ ಹೋದರು. ಪರ್ಮಿಟ್ ಇಲ್ಲದೆ ಕೆಲಸ ಆರಂಭಿಸಿದ್ದಕ್ಕೆ ನಮ್ಮ ನಗರದಲ್ಲಿ ಶುಲ್ಕ ದುಪ್ಪಟ್ಟು. ಆ ನೋಟಿಸಿನಲ್ಲಿ ಇದ್ದದ್ದು ಗುತ್ತಿಗೆದಾರರ ಹೆಸರಲ್ಲ, ಜಾಗದ ಮಾಲೀಕರಾದ ನಮ್ಮ ಹೆಸರು.

ಇಷ್ಟೇ ಆಗಿದ್ದರೆ ತಡವೆಂದುಕೊಂಡು ತೆಪ್ಪಗಿರುತ್ತಿದ್ದೆವು. ದೊಡ್ಡ ಪೆಟ್ಟು ಬಿದ್ದದ್ದು ನಾಲ್ಕು ಅಡಿಯ ಲೆಕ್ಕದಲ್ಲಿ. ನಮ್ಮ ನಿವೇಶನದ ಹಿಂಬದಿಯ ಉದ್ದಕ್ಕೂ ಹತ್ತು ಅಡಿ ಅಗಲದ ಪಟ್ಟಿಯೊಂದು ವಿದ್ಯುತ್ತು ಮತ್ತು ಕೊಳವೆಗಳ ಸಲುವಾಗಿ ಮೀಸಲಾದ ಈಸ್‌ಮೆಂಟ್. ನೆಲ ನಮ್ಮದೇ, ತೆರಿಗೆಯೂ ನಮ್ಮದೇ. ಆದರೆ ಅಲ್ಲಿ ಓಡಾಡುವ, ಅಗೆಯುವ, ದುರಸ್ತಿ ಮಾಡುವ ಹಕ್ಕು ಸೇವಾಸಂಸ್ಥೆಯದು, ಆ ಹಕ್ಕಿಗೆ ಅಡ್ಡವಾಗಿ ಶಾಶ್ವತ ಕಟ್ಟಡ ಏಳುವಂತಿಲ್ಲ. ರಾಜ್ಯದ ಕಾನೂನು ಕಟ್ಟಿಹಾಕುವುದು ನಗರದ ಝೋನಿಂಗ್ ಅಧಿಕಾರವನ್ನು. ಬೇರೊಬ್ಬರಿಗೆ ನಿಮ್ಮ ನೆಲದಲ್ಲಿ ದಾಖಲಾಗಿರುವ ಹಕ್ಕನ್ನು ಅದು ಅಳಿಸುವುದಿಲ್ಲ. ಹಿಂದಿನ ಗಡಿಯಿಂದ ನಾಲ್ಕೇ ಅಡಿ ಬಿಟ್ಟು ಬರೆದ ನಮ್ಮ ನಕ್ಷೆಯಲ್ಲಿ ಮಲಗುವ ಕೋಣೆಯೂ ಬಚ್ಚಲೂ ಆರು ಅಡಿಯಷ್ಟು ಆ ಪಟ್ಟಿಯೊಳಗೆ ಕೂತಿದ್ದವು. ಈ ಸಂಗತಿ ಎಲ್ಲೋ ಹೂತುಹೋಗಿದ್ದ ರಹಸ್ಯವೇನಲ್ಲ. ಮನೆ ಕೊಂಡಾಗ, ಆಸ್ತಿಯ ಹಕ್ಕುದಾಖಲೆ ಪರಿಶೀಲಿಸುವ ಟೈಟಲ್ ಕಂಪನಿ ಕೊಟ್ಟಿದ್ದ ಪ್ರಾಥಮಿಕ ವರದಿಯಲ್ಲಿ, ಆಸ್ತಿಯ ಮೇಲೆ ಬೇರೆಯವರಿಗಿರುವ ಹಕ್ಕುಗಳನ್ನು ತಿಳಿಸುವ ವಿನಾಯಿತಿಗಳ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿ ಇತ್ತು. ಆ ವರದಿ ನಮ್ಮ ಕಪಾಟಿನಲ್ಲೇ ಇತ್ತು. ದಯವಿಟ್ಟು ನಕ್ಷೆ ಬರೆಸುವ ಮುನ್ನ ನಿಮ್ಮ ವರದಿಯನ್ನು ಹೊರತೆಗೆಯಿರಿ, ಅದರಲ್ಲಿ ಉಲ್ಲೇಖವಾದ ದಾಖಲೆಗಳನ್ನು ಕೌಂಟಿಯ ದಾಖಲೆ ಕಚೇರಿಯಿಂದ ತರಿಸಿಕೊಳ್ಳಿ, ಪರವಾನಗಿ ಪಡೆದ ಸರ್ವೇಯರ್ ಒಬ್ಬರಿಂದ ಗಡಿ ಗುರುತು ಮಾಡಿಸಿ. ಬೇಲಿಯನ್ನೇ ಗಡಿಯೆಂದು ನಂಬಬೇಡಿ. ನಮ್ಮ ಬೇಲಿ ಒಂದು ಮೂಲೆಯಲ್ಲಿ ಪಕ್ಕದವರ ಕಡೆಗೆ ಅಡಿಯಷ್ಟು ವಾಲಿಕೊಂಡಿತ್ತು.

ಎಂಟುನೂರು ಚದರಡಿಯ ಬಗ್ಗೆ ಹೇಳುವುದು ಸ್ವಲ್ಪವೇ. ಅಷ್ಟು ಕಟ್ಟಬಹುದು ಎಂಬುದು ಅಷ್ಟನ್ನೇ ಕಟ್ಟಬೇಕೆಂಬ ಸಲಹೆಯಲ್ಲ. 750 ಚದರಡಿಗಿಂತ ಚಿಕ್ಕ ಘಟಕಕ್ಕೆ ನಗರ ಇಂಪ್ಯಾಕ್ಟ್ ಶುಲ್ಕ, ಅಂದರೆ ಹೊಸ ಕಟ್ಟಡದಿಂದ ಸಾರ್ವಜನಿಕ ಸೌಲಭ್ಯಗಳ ಮೇಲೆ ಬೀಳುವ ಹೊರೆಗಾಗಿ ಪಡೆಯುವ ಶುಲ್ಕ, ವಿಧಿಸುವಂತಿಲ್ಲ. ಅದರ ಮೇಲೆ ಹೋದರೆ ಮುಖ್ಯ ಮನೆಯ ಅಳತೆಗೆ ಅನುಪಾತವಾಗಿ ತೆರಬೇಕಾಗಬಹುದು. ಐವತ್ತು ಚದರಡಿಯ ಆಸೆಗೆ ಬೀಳುವ ಬೆಲೆಯಿದು. ಹೊಸದಾಗಿ ಕಟ್ಟುವ ಪ್ರತ್ಯೇಕ ಘಟಕಕ್ಕೆ ಸಾಮಾನ್ಯವಾಗಿ ಸೌರಫಲಕಗಳೂ ಕಡ್ಡಾಯ ಎಂಬುದನ್ನು ನಮ್ಮ ಅಂದಾಜುಪಟ್ಟಿ ಬರೆದವರು ಮರೆತೇಬಿಟ್ಟಿದ್ದರು.

ಇನ್ನು ಹಣ. ಒಪ್ಪಂದಕ್ಕೆ ಸಹಿ ಹಾಕಿದ ದಿನವೇ 12,000 ಡಾಲರ್ ಮುಂಗಡ ಕೊಟ್ಟೆವು. ಕ್ಯಾಲಿಫೋರ್ನಿಯಾದಲ್ಲಿ ಮನೆ ಸುಧಾರಣೆಯ ಒಪ್ಪಂದಕ್ಕೆ ಗುತ್ತಿಗೆದಾರರು ಪಡೆಯಬಹುದಾದ ಮುಂಗಡ 1,000 ಡಾಲರ್ ಅಥವಾ ಒಪ್ಪಂದದ ಮೊತ್ತದ ಶೇಕಡಾ 10, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಮಾತ್ರ. ಆ ನಂತರದ ಕಂತುಗಳೂ ಮುಗಿದ ಕೆಲಸದ ಮೌಲ್ಯವನ್ನು ಮೀರುವಂತಿಲ್ಲ. ಇದು ನನಗೆ ತಿಳಿದದ್ದು ಗುತ್ತಿಗೆದಾರರ ರಾಜ್ಯ ಪರವಾನಗಿ ಮಂಡಳಿಗೆ ದೂರು ಬರೆಯಲು ಕೂತಾಗ. ಸಹಿಗೆ ಮುನ್ನ ಅದೇ ಮಂಡಳಿಯ ತಾಣದಲ್ಲಿ ಐದು ನಿಮಿಷ ಕಳೆದಿದ್ದರೆ ಪರವಾನಗಿಯ ಸ್ಥಿತಿಯೂ ಗೊತ್ತಾಗುತ್ತಿತ್ತು, ಈ ಮಿತಿಯೂ ಗೊತ್ತಾಗುತ್ತಿತ್ತು.

ಕೆಲಸ ನಿಂತ ಎರಡು ವಾರಕ್ಕೆ, ಪಾಯಕ್ಕೆಂದು ಕಬ್ಬಿಣ ತಂದು ಇಳಿಸಿದ್ದ ಸರಬರಾಜುದಾರರಿಂದ ಪ್ರಾಥಮಿಕ ನೋಟಿಸ್ ಬಂತು. ಯಾವುದೋ ಜಾಹೀರಾತೆಂದು ಬದಿಗಿಟ್ಟೆ. ತಮಗೆ ಬರಬೇಕಾದ ಹಣ ಬಾರದಿದ್ದರೆ ನಿಮ್ಮ ಮನೆಯ ಮೇಲೆಯೇ ಲೀನ್, ಅಂದರೆ ಬಾಕಿಗೆ ಆಸ್ತಿಯನ್ನೇ ಹೊಣೆಯಾಗಿಸುವ ದಾಖಲೆ, ಹಾಕುವ ಹಕ್ಕನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ಕಳುಹಿಸುವ ಕಾಗದವದು. ನಾವು ಗುತ್ತಿಗೆದಾರರಿಗೆ ಕೊಟ್ಟಾಗಿತ್ತು, ಗುತ್ತಿಗೆದಾರರು ಅವರಿಗೆ ಕೊಟ್ಟಿರಲಿಲ್ಲ. ಕೊನೆಗೆ ಅದೇ ಕಬ್ಬಿಣಕ್ಕೆ ಎರಡನೆಯ ಬಾರಿ ಹಣ ತೆತ್ತು, ಆ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆಂಬ ಬಿಡುಗಡೆ ಪತ್ರವನ್ನು ಅವರಿಂದ ಬರೆಸಿಕೊಂಡೆವು. ಅಂಥ ನೋಟಿಸ್ ಬಂದರೆ ಗಾಬರಿಯಾಗಬೇಕಿಲ್ಲ, ಅದು ಆರೋಪವಲ್ಲ. ಆದರೆ ಆ ಹೆಸರನ್ನು ಬರೆದಿಟ್ಟುಕೊಂಡು, ಮುಂದಿನ ಕಂತು ಕೊಡುವಾಗ ಅವರು ಸಹಿ ಮಾಡಿದ ಬಿಡುಗಡೆ ಪತ್ರ ಕೇಳಿ ಪಡೆಯಬೇಕು.

ಈಗ ಬೇರೆ ವಿನ್ಯಾಸಕಾರರು ಮನೆಯನ್ನು ಆರು ಅಡಿ ಮುಂದಕ್ಕೆ ಸರಿಸಿ, 740 ಚದರಡಿಗೆ ಇಳಿಸಿ ನಕ್ಷೆ ಬರೆದಿದ್ದಾರೆ. ಮುಚ್ಚಿದ ಪಾಯದ ಮಣ್ಣು ಕೂರಬೇಕೆಂದು ಒಂದು ಮಳೆಗಾಲ ಕಾದೆವು. ಅರ್ಜಿ ಮತ್ತೆ ನಗರದ ಮುಂದಿದೆ, ಅರ್ಜಿದಾರರ ಇಮೇಲ್ ಎಂಬಲ್ಲಿ ಈ ಬಾರಿ ನನ್ನ ವಿಳಾಸವಿದೆ.