ಅಪೀಲು ಬೇರೆ, ಸ್ಟೇ ಬೇರೆ ಅಂತ ಬಿಡಿಸಿ ಹೇಳಿದ ವಕೀಲರ ಕಚೇರಿ (ಗದಗ)

5ಕ್ಕೆ 4 ಸ್ಟಾರ್

ಬೆಟಗೇರಿಯ ಬಾಡಿಗೆ ಮಳಿಗೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನನ್ನದು. ಮಳಿಗೆ ಬಿಡಿಸಿಕೊಡಿ ಎಂದು ಮಾಲಕರು ಹಾಕಿದ್ದ ದಾವೆ ಅವರ ಕಡೆಗೇ ಡಿಕ್ರಿ (ಕೋರ್ಟಿನ ತೀರ್ಮಾನದ ಆದೇಶ) ಆಯಿತು. ಆಗಿದ್ದ ವಕೀಲರು ಮೇಲಿನ ಕೋರ್ಟಿಗೆ ಅಪೀಲು ಹಾಕಿ, "ಇನ್ನ ನಿಶ್ಚಿಂತಿ ಇರ್ರಿ ಅಕ್ಕಾರ, ಯಾರೂ ಬರಂಗಿಲ್ಲ" ಅಂದರು. ಕೆಲವೇ ದಿನದಲ್ಲಿ, ಡಿಕ್ರಿ ಜಾರಿ ಮಾಡಿಸಿ ಅಂತ ಮಾಲಕರು ಹಾಕಿದ ದರಖಾಸ್ತಿನ ನೋಟಿಸು ಅಂಗಡಿ ಬಾಗಿಲಿಗೆ ಬಂತು. ಅದನ್ನು ಹಿಡಿದುಕೊಂಡು ಈ ಕಚೇರಿಗೆ ಹೋದೆ.

ಇಲ್ಲಿನ ಸಾಹೇಬರು ಅಪೀಲಿನ ಕಾಗದವೆಲ್ಲ ತಿರುವಿ ಹಾಕಿ, "ಸ್ಟೇ ಅರ್ಜಿ ಎಲ್ಲೈತ್ರೀ ಇದರಾಗ?" ಅಂತ ಕೇಳಿದರು. ಅದರಲ್ಲಿ ಇರಲೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ತೆಗೆದು ಸಾಲು ಸಾಲಾಗಿ ಓದಿ ಹೇಳಿದರು: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿ ನಿಲ್ಲುವುದಿಲ್ಲ, ತಡೆ, ಅಂದರೆ ಸ್ಟೇ, ಬೇಕಾದರೆ ಬೇರೆ ಅರ್ಜಿ ಹಾಕಿ ಕೇಳಬೇಕು. ತಡೆ ಸಿಗದಿದ್ದರೆ ದೊಡ್ಡ ನಷ್ಟವಾಗುತ್ತದೆ ಅಂತ ತೋರಿಸಬೇಕು, ಸುಮ್ಮನೆ ತಡ ಮಾಡಿರಬಾರದು, ನಾಳೆ ಅಪೀಲು ಸೋತರೆ ಡಿಕ್ರಿಯಂತೆ ನಡೆಯುತ್ತೇವೆ ಅನ್ನುವುದಕ್ಕೆ ಭದ್ರತೆ ಕೊಡಬೇಕು. "ಸಿಕ್ಕೇ ಸಿಗ್ತದ ಅಂತ ನಾ ಹೇಳಂಗಿಲ್ಲ" ಅಂದದ್ದಕ್ಕೇ ನನಗೆ ಇವರ ಮೇಲೆ ನಂಬಿಕೆ ಬಂತು.

ಸ್ಟೇ ಅರ್ಜಿಯ ಅಫಿಡವಿಟ್ (ಪ್ರಮಾಣ ಪತ್ರ) ಬರೆಸಿದ ರೀತಿ ನೋಡಬೇಕಿತ್ತು. ಟೈಪ್ ಮಾಡುವ ಹುಡುಗಿ "ತುಂಬಲಾರದ ನಷ್ಟ" ಎಂಬ ಸಿದ್ಧ ಸಾಲು ಹಾಕಿದ್ದಳು. ಸಾಹೇಬರು ಅದನ್ನು ಹೊಡೆಸಿ ಹಾಕಿ ನನ್ನನ್ನು ಕೂಡಿಸಿಕೊಂಡು ಕೇಳುತ್ತಾ ಹೋದರು: ಮಷಿನ್ ಎಷ್ಟು, ಕೂಲಿಗೆ ಬರುವ ಹೆಣ್ಣುಮಕ್ಕಳು ಯಾರು, ಮದುವೆ ಸೀಜನ್ನಿಗೆ ಹಿಡಿದ ಆರ್ಡರ್ ಯಾವುವು, ಓವರ್‌ಲಾಕ್ ಮಷಿನ್ನಿನ ಸಾಲ ಯಾವ ಬ್ಯಾಂಕಿನದು. ಎಲ್ಲವೂ ಅಫಿಡವಿಟ್‌ನಲ್ಲಿ ಬಂತು. ಬಾಡಿಗೆ ತುಂಬಿದ ರಸೀದಿಗಳನ್ನು ತಿಂಗಳುವಾರು ಜೋಡಿಸಿ ಲಗತ್ತಿಸಿದರು.

ದುಡ್ಡಿನ ಮಾತನ್ನೂ ಮುಚ್ಚಿಡಲಿಲ್ಲ. ಮಳಿಗೆ ಖಾಲಿ ಮಾಡುವ ಡಿಕ್ರಿಗೆ ತಡೆ ಕೊಡುವಾಗ, ಹಳೇ ಬಾಡಿಗೆಯಷ್ಟೇ ಅಲ್ಲ, ಮಾಲಕರಿಗೆ ಆಗುವ ನಷ್ಟಕ್ಕೆ ತಕ್ಕಷ್ಟು ಹಣ ಕಟ್ಟಿ ಅಂತ ಕೋರ್ಟು ಷರತ್ತು ಹಾಕಬಹುದು, ಸುಪ್ರೀಂ ಕೋರ್ಟು 2004ರಲ್ಲೇ ಹಾಗೆ ಹೇಳಿದೆ ಎಂದು ಮೊದಲೇ ಎಚ್ಚರಿಸಿದ್ದರು. ತಡೆ ಸಿಕ್ಕಿತು, ಷರತ್ತೂ ಹಾಗೇ ಬಂತು: ಹಳೇ ಬಾಡಿಗೆಗಿಂತ ಹೆಚ್ಚಿನ ಮೊತ್ತವನ್ನು ಪ್ರತಿ ತಿಂಗಳು 10ರೊಳಗೆ ಕೋರ್ಟಿಗೆ ಕಟ್ಟಬೇಕು, ತಪ್ಪಿದರೆ ತಡೆ ಹೋಗುತ್ತದೆ. ಭಾರವೇ, ಆದರೆ ಅನ್ಯಾಯ ಅನ್ನಲಾರೆ. ಅವರ ಜಾಗವನ್ನು ಹಿಡಿದುಕೊಂಡು ಕೂತವಳು ನಾನು.

ಇವರಿಗೆ ನಾನು ಹೆಚ್ಚು ಅಂಕ ಕೊಡುವುದು ಆದೇಶ ಬಂದ ದಿನದ ಓಡಾಟಕ್ಕೆ. ತಡೆಯಾದೇಶ ಕೆಳಗಿನ ಕೋರ್ಟಿಗೆ ತಲುಪಿದ ಮೇಲೆಯೇ ಲೆಕ್ಕಕ್ಕೆ ಬರುತ್ತದಂತೆ. ನಕಲು ಕೈಗೆ ಬರುವಷ್ಟರಲ್ಲಿ ಮಳಿಗೆ ಬಿಡಿಸಲು ಕೋರ್ಟಿನ ಬೇಲೀಫರು ಬಂದುಬಿಟ್ಟರೆ? ಅದಕ್ಕೂ ಅದೇ ನಿಯಮದಲ್ಲಿ ದಾರಿ ಇದೆ: ತಡೆ ಆಗಿದೆ ಎಂದು ನನಗೆ ಸ್ವತಃ ಗೊತ್ತು ಅಂತ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟರೆ, ಆದೇಶ ಬರುವ ತನಕ ಕೆಳಗಿನ ಕೋರ್ಟು ಅದರ ಮೇಲೆ ನಡೆಯಬೇಕು. ಗುಮಾಸ್ತ ಕಾಕಾ ನನ್ನ ಸಹಿ ಮಾಡಿಸಿ ಅದನ್ನು ಅವತ್ತೇ ದರಖಾಸ್ತು ನಡೆಯುತ್ತಿದ್ದ ಕೋರ್ಟಿಗೆ ಮುಟ್ಟಿಸಿದರು, ಊಟಕ್ಕೂ ಹೋಗಲಿಲ್ಲ.

"ಆರು ತಿಂಗಳಾದ ಮ್ಯಾಲೆ ಸ್ಟೇ ತಾನೇ ಬೀಳ್ತದ" ಅಂತ ಪಕ್ಕದ ಅಂಗಡಿಯವರು ಹೆದರಿಸಿದ್ದರು. ಅದು 2018ರ ಒಂದು ತೀರ್ಪಿನಿಂದ ಹುಟ್ಟಿದ ಮಾತು, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿದೆ, ಹಾಗೆ ತಾನಾಗಿ ಬೀಳುವುದಿಲ್ಲ ಎಂದು ಸಾಹೇಬರು ತಿಳಿಸಿದರು.

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಟೈಪಿಂಗ್, ಝೆರಾಕ್ಸ್ ಖರ್ಚನ್ನು ಫೀಸಿನ ಹೊರಗೆ ಆಗಾಗ ಕೇಳುತ್ತಾರೆ, ಚೀಟಿ ಕೊಡುವುದಿಲ್ಲ. ಸಂಜೆ ಹೋದರೆ ಬಹಳ ಹೊತ್ತು ಕಾಯಬೇಕು, ಹೆಂಗಸರಿಗೆ ಕೂಡಲು ಬೇರೆ ಜಾಗವಿಲ್ಲ. ಫೋನ್ ಎತ್ತುವುದು ಅಪರೂಪ.

ನೀವು ಹೋಗುವುದಾದರೆ ಡಿಕ್ರಿಯ ನಕಲು, ಬಾಡಿಗೆ ರಸೀದಿ, ಬಂದ ನೋಟಿಸು ಎಲ್ಲ ಜೊತೆಗೆ ಒಯ್ಯಿರಿ. ಬಾಡಿಗೆ ಬಾಕಿ ಇದ್ದರೆ ಮೊದಲ ದಿನವೇ ಹೇಳಿಬಿಡಿ, ಇವರು ಅದನ್ನೇ ಮೊದಲು ಕೇಳುತ್ತಾರೆ.