ಬೋಲ್ಟ್ಸ್‌ಮನ್ನರೋ ವಿಟ್‌ಗೆನ್‌ಸ್ಟೈನರೋ: ಮೊದಲು ಯಾರನ್ನು ಓದುವುದು?

ಮಾದರಿಯೊಂದು ಲೋಕವನ್ನು ಹೇಗೆ ಪ್ರತಿನಿಧಿಸುತ್ತದೆ ಎಂದು ತಿಳಿಯಬಯಸುವ ಪುಣೆಯ ಕನ್ನಡಿಗ ಗೆಳೆಯರು, ಭೌತವಿಜ್ಞಾನಿ ಬೋಲ್ಟ್ಸ್‌ಮನ್ 1902ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನವನ್ನು ಓದಬೇಕೋ, ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನರ 1914ರ ಟಿಪ್ಪಣಿಗಳನ್ನೋ ಎಂದು ಕೇಳುತ್ತಾರೆ. ಎರಡನೆಯದು ಬೇಗ ಹಿಡಿಸುತ್ತದೆ: ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಮೋಟಾರು ಅಪಘಾತವನ್ನು ಗೊಂಬೆಗಳಿಂದ ತೋರಿಸಿದಂತೆ, ವಾಕ್ಯವೂ ಲೋಕದ ಒಂದು ಸ್ಥಿತಿಯನ್ನು ಜೋಡಿಸಿ ತೋರಿಸುತ್ತದೆ. ಆದರೆ ಗೊಂಬೆ ಸರಿಯಾದ ಜಾಗದಲ್ಲಿದ್ದರೆ ಸಾಕು. ನೀರಿನ ಮಾದರಿಗೆ ಅಷ್ಟು ಸಾಲದು. ಖಡಕ್‌ವಾಸ್ಲಾದ ಜಲಸಂಶೋಧನಾ ಕೇಂದ್ರದಲ್ಲಿ ಕಟ್ಟುವಂಥ ಬಂದರಿನ ಮಾದರಿಯನ್ನು 1:100ಕ್ಕೆ ಇಳಿಸಿದರೆ, ವೇಗವು ಅಳತೆಯ ವರ್ಗಮೂಲದಷ್ಟೇ ಇಳಿಯಬೇಕೆನ್ನುವ ಫ್ರೌಡ್ ನಿಯಮದಂತೆ ಅದು ನೂರರಲ್ಲೊಂದಲ್ಲ, ಹತ್ತರಲ್ಲೊಂದಾಗಬೇಕು; ಕಡಲಿನಲ್ಲಿ 10 ಸೆಕೆಂಡಿಗೊಮ್ಮೆ ಬರುವ ಅಲೆ ಅಲ್ಲಿ ಸೆಕೆಂಡಿಗೊಮ್ಮೆ ಬಂದು ಬಡಿಯುತ್ತದೆ. ಅಳತೆ ಬದಲಾದರೆ ವರ್ತನೆಯೇ ಬದಲಾದೀತು ಎಂದು ಎಚ್ಚರಿಸಿ, ಇಂಥ ಪ್ರಯೋಗಮಾದರಿಗಳನ್ನು ಬೇರೆ ವರ್ಗವಾಗಿಯೇ ಕಂಡವರು ಬೋಲ್ಟ್ಸ್‌ಮನ್. (ತಮಾಷೆಯೆಂದರೆ, ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಓದಿದ್ದವರು ವಿಟ್‌ಗೆನ್‌ಸ್ಟೈನ್.) ಎಂಜಿನಿಯರರ ಕೈಗೆ ನಾನು ಬೋಲ್ಟ್ಸ್‌ಮನ್ನರನ್ನೇ ಮೊದಲು ಕೊಡುತ್ತೇನೆ, ಭಾಷೆಯ ಕುತೂಹಲದಿಂದ ಬಂದವರು ಗೊಂಬೆಗಳಿಂದ ಶುರುಮಾಡಲಿ.